ಮುತ್ತಮ್ಮಾಳ್ ಒಣಗಲು ಬಿಡದ ಬಣ್ಣ

ಕುನ್ನತ್ತೂರು ದಾಟಿ, ಕೋಳಿ ಫಾರಂ ದಾಟಿ, ಬೇಲಿ ಪಕ್ಕದ ತಗಡಿನ ಶೆಡ್ಡಿನ ಬೀಗ ತೆಗೆಯುವ ಹೊತ್ತಿಗೆ ಇನ್ನೂ ಬೆಳಕು ಪೂರ್ತಿ ಹರಿದಿಲ್ಲ. ಗೋಕಿಲಾ ಕಸ ಗುಡಿಸುತ್ತಾಳೆ, ಬಣ್ಣದ ಡಬ್ಬದ ಮೇಲೆ ಕಟ್ಟಿದ ಕೆನೆಯನ್ನು ಕಡ್ಡಿಯಿಂದ ಎತ್ತಿ ಬಿಸಾಕುತ್ತಾಳೆ, ಬ್ರಷ್ಷಿನ ಕೂದಲನ್ನು ಸೀಮೆಎಣ್ಣೆಯಲ್ಲಿ ಅದ್ದಿ ಹಿಂಡುತ್ತಾಳೆ. ವಾರವೆಲ್ಲ ಈಕೆಗೆ ತಿರುಪ್ಪೂರಿನ ಬನಿಯನ್ ಕಂಪನಿಯಲ್ಲಿ ಚೆಕಿಂಗ್ ಕೆಲಸ. ಹೊಲಿದು ಬಂದದ್ದನ್ನು ಒಳಹೊರಗು ತಿರುವಿ ತೂತು, ಕಲೆ ಹುಡುಕುವುದು. ಭಾನುವಾರ ಒಂದೇ ರಜೆ. ಆ ರಜೆಯಲ್ಲಿ ಮೊದಲ ಬಸ್ಸು ಹಿಡಿದು ಇಲ್ಲಿಗೆ ಬರುತ್ತಾಳೆ.

ಶೆಡ್ಡಿನ ತುಂಬ ಹರಕೆಯ ಬೊಂಬೆಗಳು. ಈ ಕಡೆ ಇವನ್ನು ಉರುವಾರ ಅನ್ನುತ್ತಾರೆ. ಕಾಲು ನೋವೆಂದು ಹರಕೆ ಹೊತ್ತರೆ ಮಣ್ಣಿನ ಕಾಲು, ಹಸುವಿಗೆ ಜಡ್ಡಾದರೆ ಮಣ್ಣಿನ ಹಸು. ಮಗು ಊಟ ಬಿಟ್ಟು ನಿದ್ದೆಯಲ್ಲಿ ಕಿರುಚುತ್ತಿದ್ದರೆ, ಗಾಳಿ ಸೋಕಿದೆ ಎಂದುಕೊಂಡು, ಮೊಣಕಾಲೆತ್ತರದ ಮಣ್ಣಿನ ಮಗು. ಬೊಂಬೆಯನ್ನು ಮಾಡಿ ಸುಡುವವರು ಕುಂಬಾರ ವೆಂಕಟಾಚಲಂ. ಊರಾಚೆಯ ಕರುಪ್ಪಸಾಮಿ ಗುಡಿಗೆ ಪೂಜಾರಿಯೂ ಅವರೇ. ಬಣ್ಣ ಹಚ್ಚುತ್ತಿದ್ದವರು ಮುತ್ತಮ್ಮಾಳ್. ಆಕೆ ತೀರಿಕೊಂಡ ಮೇಲೆ ಬ್ರಷ್ಷು ಗೋಕಿಲಾಳ ಕೈಗೆ ಬಂದಿದೆ.

“ಅವರ ಕೈ ನನಗೆಲ್ಲಿ ಬರ್ತದೆ,” ಎನ್ನುತ್ತಾಳೆ. “ನಾನು ಬರೆದ ಹುಬ್ಬು ನೋಡಿದ್ರೆ ಎಲ್ಲಾ ಮಕ್ಕಳೂ ನನ್ನ ಮೇಲೆ ಕೋಪ ಮಾಡ್ಕೊಂಡ ಹಂಗೆ ಇರ್ತವೆ.”

ಈ ಭಾನುವಾರ ಬಾಗಿಲಲ್ಲಿ ಎಂಟು ವರ್ಷದ ಹುಡುಗಿಯೊಬ್ಬಳು ನಿಂತಿದ್ದಾಳೆ. ಅವಳ ನಿಜವಾದ ಹೆಸರು ಇಲ್ಲಿ ಬರೆಯುವಂತಿಲ್ಲ, ಭೂಮಿ ಅನ್ನೋಣ. ತಾಯಿಯನ್ನು ಸೆಲ್ವಿ ಅನ್ನೋಣ. ಅನ್ನೂರಿನ ಕಡೆಯ ಮಿಲ್ಲೊಂದರಲ್ಲಿ ಆಕೆಗೆ ಕೆಲಸ. ಹರಕೆಯ ಮಗುವೇ ತನ್ನ ಬೊಂಬೆಗೆ ಕಡೆಯ ಬಣ್ಣ ಮುಟ್ಟಿಸಬೇಕು ಎಂಬುದು ಮುತ್ತಮ್ಮಾಳ್ ಹಾಕಿಕೊಟ್ಟ ಕಟ್ಟಳೆ. ಹಾಗಾಗಿ ಸೆಲ್ವಿ ಮಗಳನ್ನು ಬಿಟ್ಟು, ಅವ್ವನನ್ನೂ ಅಣ್ಣನನ್ನೂ ಕರೆದುಕೊಂಡು ಒಂಬತ್ತಕ್ಕೆ ಬರುತ್ತೇನೆಂದು ಹೋಗುತ್ತಾಳೆ. ಬೊಂಬೆಯನ್ನು ತಲೆ ಮೇಲೆ ಹೊತ್ತು ಗುಡಿಗೆ ಒಯ್ಯಬೇಕಾದವನು ಮಗುವಿನ ಸೋದರಮಾವ. ಅದು ಪದ್ಧತಿ.

ಭೂಮಿ ಬೊಂಬೆಯ ಬಳೆಗೆ ಕೆಂಪು ಹಚ್ಚುತ್ತಾಳೆ. ಶಾಲೆಯ ಸುದ್ದಿ, ಟೀಚರಿನ ಸುದ್ದಿ ಎಲ್ಲ ತಮಿಳಿನಲ್ಲಿ ಪಟಪಟನೆ ಬರುತ್ತದೆ. ಆಮೇಲೆ ಬ್ರಷ್ಷನ್ನು ಮತ್ತೆ ಕೆಂಪಿಗೆ ಅದ್ದುತ್ತಾಳೆ. ಇಬ್ಬರೂ ಮನೆಯೊಳಗೆ ಆಡುವ ಕನ್ನಡದಲ್ಲಿ, ಮೆಲ್ಲಗೆ ಕೇಳುತ್ತಾಳೆ: “ಅಕ್ಕಾ, ಮಾಮ ಎತ್ಕೊಂಡ್ರೆ ಬೊಂಬೆಗೂ ನೋಯ್ತದಾ?”

ಗೋಕಿಲಾಳ ಕೈಯಲ್ಲಿದ್ದ ಬ್ರಷ್ಷು ಅಲ್ಲೇ ನಿಲ್ಲುತ್ತದೆ.

ಯಾಕೆಂದರೆ ಅವಳೂ ಒಂದು ಕಾಲದಲ್ಲಿ ಇದೇ ಶೆಡ್ಡಿಗೆ ಬಂದ ಮಗು. ಒಂಬತ್ತು ವರ್ಷ. ಅವಳ ಮೇಲೆ ಕೈ ಹಾಕಿದವನು ಹೊರಗಿನವನಲ್ಲ, ಗಾಳಿಯಲ್ಲ, ಪೀಡೆಯಲ್ಲ. ಉಂಡು ತಿಂದು ಮನೆಯಲ್ಲೇ ಮಲಗುತ್ತಿದ್ದ ಸೋದರಮಾವ. ಮಗು ಬೆಚ್ಚಿ ಬೀಳುತ್ತದೆಂದು ಮನೆಯವರು ಹರಕೆ ಹೊತ್ತರು. ಹರಕೆ ಹೊರಲು ಅವನನ್ನೇ ಕರೆತಂದರು. ಇಂಥ ತಪ್ಪು ಮಾಡುವುದಕ್ಕೆ ಬೇರೆ ಎಲ್ಲಿಗೂ ಹೋಗಬೇಕಿಲ್ಲ, ನಮ್ಮ ಮನೆಗಳೇ ಸಾಕು.

ಅವನು ಬೊಂಬೆ ಎತ್ತಲು ಬಗ್ಗಿದಾಗ ಹುಡುಗಿ ಗೋಡೆಗೆ ಅಂಟಿಕೊಂಡದ್ದನ್ನು ಮುತ್ತಮ್ಮಾಳ್ ಕಂಡರು. ಏನನ್ನೂ ಕೇಳಲಿಲ್ಲ. “ಬಣ್ಣ ಇನ್ನೂ ಒಣಗಿಲ್ಲಪ್ಪ. ಮುಂದಿನ ವಾರ ಬಾ. ಮಗೂನ ಮಾತ್ರ ಕಳ್ಸಿಕೊಡಿ, ಇನ್ನೂ ಕೆಲಸ ಐತೆ,” ಎಂದರು. ಮುಂದಿನ ವಾರವೂ ಒಣಗಲಿಲ್ಲ. ಅದರ ಮುಂದಿನ ವಾರವೂ ಇಲ್ಲ. ಚಿತ್ತಿರೈ ತಿಂಗಳ ಬಿಸಿಲಿಗೆ ಬಾವಿಯ ಕಲ್ಲು ಸಿಡಿಯುತ್ತಿತ್ತು, ಬಣ್ಣ ಮಾತ್ರ ಹಸಿ. ಮಗುವಿಗೆ ಮಾತು ಬರುವ ತನಕ ಆಕೆ ಅದನ್ನು ಒಣಗಲು ಬಿಡಲಿಲ್ಲ.

“ಒಂದಿನ ನಾನೇ ಹೇಳ್ದೆ,” ಎನ್ನುತ್ತಾಳೆ ಗೋಕಿಲಾ. “ಮುತ್ತಮ್ಮಾಳ್ ದೊಡ್ಡವ್ವ ಬ್ರಷ್ಷು ಕೆಳಗಿಡಲೇ ಇಲ್ಲ. ಬೊಂಬೆಗೆ ಕಣ್ಣು ಬರೀತಾನೇ ಅಂದ್ರು, ‘ನನಗೂ ಆಗಿತ್ತು ಕಂದಾ. ತಪ್ಪು ನಿಂದಲ್ಲ.’ ಅಷ್ಟೇ. ಆಮೇಲೆ ನನಗೆ ಹಸಿವಾಯ್ತು. ಎಷ್ಟೋ ದಿನದ ಮೇಲೆ ಹಸಿವಾಯ್ತು.”

ಮುತ್ತಮ್ಮಾಳ್ ಗೋಕಿಲಾಳ ಮನೆಗೇ ಹೋಗಿ ತಾಯಿಗೆ ಹೇಳಿದರು. ಮನೆಯವರು ಮಾಮನನ್ನು ಊರು ಬಿಡಿಸಿದರು. ಪೊಲೀಸಿಗೆ ಹೋಗಲಿಲ್ಲ, ಮರ್ಯಾದೆ ಹೋಗುತ್ತದಂತೆ. ಯಾರ ಮರ್ಯಾದೆ? ಮುಂದೆ ಮದುವೆ ಮನೆಗಳಲ್ಲಿ ಅದೇ ಮನುಷ್ಯನಿಗೆ ಮೊದಲ ಪಂಕ್ತಿಯಲ್ಲಿ ಎಲೆ ಹಾಕಿದರು. ಗೋಕಿಲಾ ಮದುವೆಗಳಿಗೆ ಹೋಗುವುದನ್ನೇ ಬಿಟ್ಟಳು. ಭಾನುವಾರ ಶೆಡ್ಡಿಗೆ ಬರತೊಡಗಿದಳು.

ಹಾಗೆ ಬರುವವರು ಅವಳೊಬ್ಬಳೇ ಅಲ್ಲ. ಗಾಂಧಿಪುರಂನ ಸೀರೆ ಅಂಗಡಿಯಲ್ಲಿ ಕೆಲಸ ಮಾಡುವ ಬಾಲಸುಬ್ರಮಣಿಯನ್ ಈಗಲೂ ಬಿಡುವಾದಾಗ ಬಂದು ಮಣ್ಣಿನ ಕುದುರೆಗಳಿಗೆ ಬಿಳಿ ಬಳಿಯುತ್ತಾರೆ. “ಗಂಡುಮಕ್ಕಳಿಗೂ ಆಗ್ತದೆ ಅಂದ್ರೆ ಜನ ನಗ್ತಾರೆ. ಅವ್ವ ನಗ್ಲಿಲ್ಲ. ಕುದುರೆ ಕೊಟ್ಟು, ಬಾಲ ಸರಿಯಾಗಿ ಬರೀಲೇ ಅಂತ ಬೈದ್ರು,” ಎನ್ನುತ್ತಾರೆ. ಮುತ್ತಮ್ಮಾಳ್ ಕೂಟ ಕಟ್ಟಲಿಲ್ಲ, ಬೋರ್ಡು ಹಾಕಲಿಲ್ಲ. ಬಂದವರ ಕೈಗೆ ಬ್ರಷ್ಷು ಕೊಟ್ಟರು, ಮಧ್ಯಾಹ್ನ ಸಜ್ಜೆ ಗಂಜಿ ಕೊಟ್ಟರು. ಆಕೆ ಸತ್ತಾಗ ಯಾವ ಪೇಪರಿನಲ್ಲೂ ಎರಡು ಸಾಲು ಬರಲಿಲ್ಲ.

ಒಂಬತ್ತಕ್ಕೆ ಬೈಕು ಬಂದು ನಿಲ್ಲುತ್ತದೆ. ಹಿಂದೆಯೇ ಆಟೋದಲ್ಲಿ ಸೆಲ್ವಿ, ಅವಳ ತಾಯಿ. ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟ ಮಾಮ ಒಳಗೆ ಬರುತ್ತಾನೆ. ಭೂಮಿ ಗೋಕಿಲಾಳ ಬೆನ್ನ ಹಿಂದೆ ಸರಿಯುತ್ತಾಳೆ.

“ಬಣ್ಣ ಇನ್ನೂ ಒಣಗಿಲ್ಲಂಗ,” ಎನ್ನುತ್ತಾಳೆ ಗೋಕಿಲಾ, ಈ ಕಡೆಯವರು ಮರ್ಯಾದೆಗೆ ಸೇರಿಸುವ ‘ಅಂಗ’ ಬಿಡದೆ. ಅವಳಿಗೆ ಗೊತ್ತಿರುವುದು ಅದೊಂದೇ ದಾರಿ.

ಮಾಮ ಬೊಂಬೆಯ ಬೆನ್ನಿಗೆ ಬೆರಳೊತ್ತಿ, ಬೆರಳನ್ನು ಎಲ್ಲರಿಗೂ ತೋರಿಸುತ್ತಾನೆ. ಏನೂ ಅಂಟಿಲ್ಲ. “ಬಳೆ ಒಂದೇ ಹಸಿ. ಹಿಂದೆ ಹಿಡ್ಕೊಂಡು ಹೋಗ್ತೀನಿ ಬಿಡಮ್ಮ. ಏ ಭೂಮಿ, ಬಾ ಇಲ್ಲಿ.”

ಮುತ್ತಮ್ಮಾಳ್ ಇದ್ದಿದ್ದರೆ ಏನು ಮಾಡುತ್ತಿದ್ದರು ಎಂದು ಹುಡುಕಿ ಹುಡುಕಿ ಗೋಕಿಲಾಳಿಗೆ ಏನೂ ಸಿಗುವುದಿಲ್ಲ. ಆಕೆ ಕೂರುತ್ತಿದ್ದ ಮಣೆ ಖಾಲಿ. ಭೂಮಿ ಒಂದು ಹೆಜ್ಜೆ ಮುಂದಿಡುತ್ತಾಳೆ. ಹೇಳಿದ್ದನ್ನು ಕೇಳಿ ಅಭ್ಯಾಸವಾದ ಮಗು. ಆ ಹೆಜ್ಜೆ ಕಂಡಿದ್ದೇ ಗೋಕಿಲಾಳ ಬಾಯಿಂದ ತಾನೇ ಯೋಚಿಸಿರದ ಮಾತು ಹೊರಡುತ್ತದೆ.

“ಹೊರೋದಕ್ಕೆ ಮುಂಚೆ ಆಣೆ ಮಾಡ್ಬೇಕುಂಗ. ಬೊಂಬೆ ತಲೆ ಮೇಲೆ ಕೈ ಇಟ್ಟು, ಕರುಪ್ಪಸಾಮಿ ಹೆಸರು ಹೇಳಿ, ಈ ಮಗುವಿಗೆ ನನ್ನಿಂದ ಕೆಡುಕಾಗಿಲ್ಲ ಅನ್ಬೇಕು.”

“ಇದ್ಯಾವ ಹೊಸ ಪದ್ಧತಿ?” ಎನ್ನುತ್ತಾನೆ ಮಾಮ.

ಮೂಲೆಯಲ್ಲಿ ಹುಲ್ಲು ಹೊಸೆಯುತ್ತಿದ್ದ ವೆಂಕಟಾಚಲಂ ತಲೆಯೆತ್ತಿ ಗೋಕಿಲಾಳನ್ನು ನೋಡುತ್ತಾರೆ, ಮಗುವನ್ನು ನೋಡುತ್ತಾರೆ. ಅವರ ಆಯುಷ್ಯದಲ್ಲಿ ಅಂಥ ಪದ್ಧತಿ ಇರಲಿಲ್ಲ. “ಹಳೇದೇಂಗ,” ಎನ್ನುತ್ತಾರೆ ತಣ್ಣಗೆ. “ನಮ್ಮ ತಾತನ ಕಾಲದ್ದು. ಸುಳ್ಳು ಆಣೆ ಮಾಡಿದೋನು ಒಬ್ಬ ಗುಡಿ ಮೆಟ್ಲು ಇಳೀಲಿಲ್ಲ.”

“ಮಾಡು ಮಗಾ, ಅದರಲ್ಲೇನು,” ಎನ್ನುತ್ತಾಳೆ ಅಜ್ಜಿ.

ಅವನು ಕೈ ಚಾಚುತ್ತಾನೆ. ಕೈ ಬೊಂಬೆಯ ತಲೆಯ ಮೇಲೆ ಗಾಳಿಯಲ್ಲೇ ನಿಲ್ಲುತ್ತದೆ. ಮನುಷ್ಯರಿಗೆ ಹೆದರದವನು ಕರುಪ್ಪನಿಗೆ ಹೆದರುತ್ತಾನೆ. ಎಂಟು ವರ್ಷದ ಮಗುವಿಗಿಂತ ಅವನಿಗೆ ಕತ್ತಿ ಹಿಡಿದ ಕಲ್ಲು ದೊಡ್ಡದು. “ಬೈಕು ಬಿಸಿಲಲ್ಲೈತೆ,” ಎಂದು ಹೊರಗೆ ಹೋಗುತ್ತಾನೆ. ಬೈಕು ಸ್ಟಾರ್ಟ್ ಆದ ಸದ್ದು ಕೇಳುತ್ತದೆ. ದೂರ ಹೋಗುತ್ತದೆ.

ಸೆಲ್ವಿ ಬಾಗಿಲನ್ನು ನೋಡುತ್ತಾಳೆ, ಮಗಳನ್ನು ನೋಡುತ್ತಾಳೆ. “ಪಿತ್ತ ಏರಿರ್ತದೆ, ಬೆಳಿಗ್ಗೆ ಏನೂ ತಿಂದಿಲ್ಲ ಅವನು,” ಎಂದು ಅಜ್ಜಿ ಶುರು ಮಾಡಿದಾಗ ಸೆಲ್ವಿ, “ಸುಮ್ನಿರಮ್ಮ,” ಎನ್ನುತ್ತಾಳೆ. ತನ್ನನ್ನು ಸಾಕಿ ಬೆಳೆಸಿದ ಅಣ್ಣನ ವಿಷಯದಲ್ಲಿ ಆಕೆ ತಾಯಿಗೆ ಎದುರಾಡಿದ್ದು ಅದೇ ಮೊದಲು. ಮಗಳ ಮುಂದೆ ನೆಲದ ಮೇಲೆ ಕೂತುಬಿಡುತ್ತಾಳೆ. ಭೂಮಿ ಹೇಳುತ್ತಾಳೆ. ಹೇಳಿದ್ದನ್ನು ಇಲ್ಲಿ ಬರೆಯುವುದಿಲ್ಲ.

ಅಂದೇ ಮಕ್ಕಳ ಸಹಾಯವಾಣಿಗೆ ಫೋನು ಹೋಗುತ್ತದೆ. ಸೆಲ್ವಿಯ ನಾಲಿಗೆ ತಡವರಿಸಿದಾಗ ಗೋಕಿಲಾ ಅವಳ ಇನ್ನೊಂದು ಕೈ ಹಿಡಿದುಕೊಂಡಿರುತ್ತಾಳೆ. ದೂರು ದಾಖಲಾಗಿದೆ. ಸಂಬಂಧಿಕರ ಫೋನುಗಳೂ ಶುರುವಾಗಿವೆ: ಹೆಣ್ಣುಮಗುವಿನ ಮುಂದಿನ ಬಾಳು, ಮನೆತನ, ಹೆಸರು. ಅಷ್ಟು ಕಾಳಜಿಯ ಜನ ಇಷ್ಟು ದಿನ ಎಲ್ಲಿದ್ದರೋ. ಮುಂದಿನ ಭಾನುವಾರ ಸೆಲ್ವಿ ತಾನೇ ಸಿಂಬೆ ಕಟ್ಟಿ, ಬೊಂಬೆಯನ್ನು ತಲೆ ಮೇಲೆ ಹೊತ್ತು ಗುಡಿಗೆ ನಡೆದಳು. ಹೆಂಗಸು ಹೊರಬಹುದೇ ಎಂದು ಯಾರೋ ಕೇಳಿದರು. ವೆಂಕಟಾಚಲಂ ಗಂಟೆ ಬಾರಿಸಿದರು.

ಎಲ್ಲರೂ ಹೋದ ಮೇಲೆ ಗೋಕಿಲಾ ಇನ್ನೂ ಬಣ್ಣ ಕಾಣದ ಒಂದು ಮಣ್ಣಿನ ಮಗುವನ್ನು ಹೊರಗೆ ತರುತ್ತಾಳೆ. ಕಳೆದ ವಾರ ಆ ಬೈಕು ಹೋದ ಮೇಲೆ ಕುಂಬಾರರಿಗೆ ಹೇಳಿ ಮಾಡಿಸಿದ್ದು. ಮುತ್ತಮ್ಮಾಳಿಗೆ. ಆಕೆ ಚಿಕ್ಕವಳಿದ್ದಾಗ ಯಾರೂ ಆಕೆಗಾಗಿ ಹರಕೆ ಹೊರಲಿಲ್ಲ, ಯಾರೂ ಬಣ್ಣವನ್ನು ಹಸಿಯಾಗಿ ಇಟ್ಟುಕೊಂಡು ಕಾಯಲಿಲ್ಲ. ಆಕೆಯನ್ನು ಮಗುವಾಗಿ ಕಂಡವರು ಈಗ ಒಬ್ಬರೂ ಉಳಿದಿಲ್ಲ. ಗೋಕಿಲಾ ಡಬ್ಬಗಳ ಮುಂದೆ ಕೂತಿದ್ದಾಳೆ; ಹಸಿರಿನ ಮುಚ್ಚಳ ತೆಗೆಯುತ್ತಾಳೆ, ಮುಚ್ಚುತ್ತಾಳೆ, ಹಳದಿಯತ್ತ ನೋಡುತ್ತಾಳೆ.

“ಲಂಗಕ್ಕೆ ಯಾವ ಬಣ್ಣ ಹಾಕ್ಲಿ ಕಂದಾ ಅಂತ ಬಂದ ಮಕ್ಕಳನ್ನೆಲ್ಲ ಕೇಳೋರು,” ಎನ್ನುತ್ತಾಳೆ. “ಅವರಿಗೆ ಯಾವುದು ಇಷ್ಟ ಅಂತ ನಾವ್ಯಾರೂ ಕೇಳಲೇ ಇಲ್ಲಂಗ.”