ಮೂರು ಡಾಲ್ಫಿನ್, ಒಂದು ಚಶ್ಮಾ

ಅಂಡಮಾನಿನ ಸಮುದ್ರದಲ್ಲಿ ನಾನು ಮೂರು ಡಾಲ್ಫಿನ್‌ಗಳನ್ನು ನೋಡಿದ್ದೇನೆ. ನಾಲ್ಕು ವರ್ಷಗಳಿಂದ, ಲಿಂಗಂಪಲ್ಲಿಯ ನಮ್ಮ ಮನೆಗೆ ಚಹಾಕ್ಕೆ ಬಂದ ಯಾರನ್ನೂ ಈ ಮಾತು ಹೇಳದೆ ಕಳಿಸಿಲ್ಲ. ಹೋದ ಭಾನುವಾರದವರೆಗೆ ಇದು ನನ್ನ ಅತ್ಯಂತ ಗಟ್ಟಿ ನೆನಪುಗಳಲ್ಲಿ ಒಂದಾಗಿತ್ತು.

ನಾನು ಸುಲಭಕ್ಕೆ ನಂಬುವವನಲ್ಲ. ವಿಶ್ವವಿದ್ಯಾಲಯದಲ್ಲಿ ಎರಡು ವರ್ಷ ತರ್ಕಶಾಸ್ತ್ರ ಓದಿ ಕಲಿತದ್ದು ಒಂದೇ ಪ್ರಶ್ನೆ: ಸಾಕ್ಷಿ ಏನು? ನೆರೆಮನೆಯವರ ಕನಸಿಗೆ ಬಂದ ದೇವರನ್ನೂ, ನಮ್ಮ ಸೋದರಮಾವ ಬರಿಗೈಲಿ ಬೆದರಿಸಿದ ಚಿರತೆಯನ್ನೂ ಈ ಪ್ರಶ್ನೆಯಿಂದಲೇ ಓಡಿಸಿದ್ದೇನೆ.

ಭಾನುವಾರ ಬಂದವರು ನನ್ನ ಸಹೋದ್ಯೋಗಿ ಕುಲಕರ್ಣಿ ಮತ್ತು ಅವರ ಹೆಂಡತಿ. ನಮ್ಮ ಕಾರ್ಖಾನೆಯಲ್ಲಿ ಸರ್ಕಾರದ ಖರ್ಚಿನ ಪ್ರವಾಸಕ್ಕೆ, ಅಂದರೆ ಎಲ್‌ಟಿಸಿಗೆ, ಒಂದು ಪದ್ಧತಿಯಿದೆ. ಯಾರೂ ನಕಾಶೆ ನೋಡುವುದಿಲ್ಲ. ಹೋಗಿ ಬಂದವರನ್ನು ಕೇಳುತ್ತಾರೆ. ಹೀಗಾಗಿ ಒಬ್ಬ ಹೋದ ಊರಿಗೆ ಇಡೀ ವಿಭಾಗವೇ ಹೋಗುತ್ತದೆ, ಅದೇ ಹೋಟೆಲಿನಲ್ಲಿ ಇಳಿಯುತ್ತದೆ, ಅದೇ ತೆಂಗಿನಮರಕ್ಕೆ ಒರಗಿ ಫೋಟೊ ತೆಗೆಸಿಕೊಳ್ಳುತ್ತದೆ.

"ಖರೇನ ನೋಡೀರೇನ್ರಿ?" ಎಂದರು ಕುಲಕರ್ಣಿ. "ಇದು ನನ್ನ ಕಡೀ ಎಲ್‌ಟಿಸಿ. ಮುಂದ ರಿಟೈರ್. ಕಾಶ್ಮೀರಕ್ಕ ಹೋಗೂಣು ಅಂದ್ರ ನಮ್ಮಾಕಿ ಡಾಲ್ಫಿನ್ನ ನೋಡಬೇಕಂತ ಕುಂತಾಳ. ನೀವು ಹೂಂ ಅಂದ್ರ ನಾಳೇನ ಟಿಕೆಟ್."

ಅವರ ಹೆಂಡತಿ ನನ್ನ ಬಾಯನ್ನೇ ನೋಡುತ್ತಿದ್ದರು. ಜೀವಮಾನದಲ್ಲಿ ಮೊದಲ ಬಾರಿಗೆ ನಾನು ಸಾಕ್ಷಿಯ ಕಟಕಟೆಯಲ್ಲಿದ್ದೆ.

ಫೋಟೊ ತೋರಿಸೋಣವೆಂದು ಮೊಬೈಲ್ ತೆಗೆದೆ. ನೀರು. ಮತ್ತೊಂದರಲ್ಲೂ ನೀರು. ಡಾಲ್ಫಿನ್ ಮೀನಲ್ಲ, ನಮ್ಮಂತೆ ಶ್ವಾಸಕೋಶವಿರುವ ಪ್ರಾಣಿ. ಉಸಿರಿಗೆ ಮೇಲೆ ಬಂದು ಕ್ಷಣದಲ್ಲಿ ಮುಳುಗುತ್ತದೆ. ನಾವು ಫೋನು ಎತ್ತುವ ಹೊತ್ತಿಗೆ ಅದರ ಉಸಿರಾಟ ಮುಗಿದಿರುತ್ತದೆ. ಇದನ್ನೆಲ್ಲ ವಿವರಿಸುತ್ತಿರುವಾಗ ಕೊನೆಯ ಫೋಟೊ ಬಂತು. ದೋಣಿಯ ಅಂಚಿನಲ್ಲಿ ನಾನು. ಆಗಷ್ಟೇ ಹವಳ ನೋಡಲು ಬಾಯಿಗೆ ಕೊಳವೆ ಕಚ್ಚಿ ಮುಳುಗಿ ಎದ್ದವನು. ಗಾಜಿನ ಮುಖವಾಡ ಕೊರಳಲ್ಲಿ ತೂಗುತ್ತಿದೆ. ಬೆರಳು ಬಲಗಡೆಗೆ ಚಾಚಿದೆ. ಮುಖದ ಮೇಲೆ ಅಪಾರ ಆನಂದ. ಮೂಗಿನ ಮೇಲೆ ಚಶ್ಮಾ ಇಲ್ಲ.

ಚಶ್ಮಾ ತೆಗೆದರೆ ನನಗೆ ಎದುರಿನ ಬಸ್ಸಿನ ನಂಬರ್ ಇರಲಿ, ಬಸ್ಸೇ ಕಾಣುವುದಿಲ್ಲ. ಹಾಗಾದರೆ ಆ ದಿನ ಕಂಡ ಹವಳವೂ ಒಗೆಯಲು ನೆನೆಸಿದ ಬಣ್ಣದ ಸೀರೆಗಳಂತಿದ್ದದ್ದು ಸಮುದ್ರದ ಗುಣವಲ್ಲ, ನನ್ನ ಕಣ್ಣಿನದು.

"ನನಗೀಗ ಖಾತ್ರಿ ಇಲ್ಲ" ಎಂದೆ. ಕುಲಕರ್ಣಿಯವರ ಹೆಂಡತಿಯ ಮುಖ ಬಾಡಿತು.

ಅಡುಗೆಮನೆಯಿಂದ ಚಹಾ ತಂದ ನನ್ನ ಹೆಂಡತಿ ಸುಮಾ ಫೋಟೊ ನೋಡಿ ನಕ್ಕಳು. "ಹೋಗ್ರಿ ವೈನಿ, ಡಾಲ್ಫಿನ್ ಇದ್ವು. ಎಡಗಡೆ. ಎರಡು. ನಾ ನೋಡೀನಿ. ಇವರ ಚಶ್ಮಾ ನನ್ನ ಪರ್ಸಿನ್ಯಾಗಿತ್ತು. ಇವರು ಬಲಗಡೆ ತಿರುಗಿ ತೇಲೋ ಡಬ್ಬಿಗಳಿಗೆ ಕೈ ಮಾಡಿ, ಮೂರು ಮೂರು ಅಂತ ಕುಣ್ಯಾಕತ್ತಿದ್ರು."

"ಅವತ್ತೇ ಹೇಳಬಾರದಿತ್ತೇನ?" ಎಂದೆ.

"ನೀವು ಸಾಕ್ಷಿ ಕೇಳಲಾರದ ಖುಷಿಪಟ್ಟಿದ್ದು ಅದ ಮೊದಲ್ನೇ ಸಲ. ಯಾಕ ಕೆಡಿಸ್ಲಿ?"

ಎರಡು ಎಂಬುದಕ್ಕೆ ಏನು ಸಾಕ್ಷಿ ಎಂಬ ಪ್ರಶ್ನೆ ನಾಲಿಗೆಯ ತುದಿಗೆ ಬಂತು. ಚಹಾದ ಜೊತೆ ನುಂಗಿದೆ. ಕುಲಕರ್ಣಿ ದಂಪತಿ ಟಿಕೆಟ್ ತೆಗೆಸಿದ್ದಾರೆ, ಶಂಶಾಬಾದಿನಿಂದ ಬೆಳಗಿನ ವಿಮಾನ. ಚಶ್ಮಾಕ್ಕೆ ದಾರ ಕಟ್ಟಿಕೊಳ್ಳಲು ಹೇಳಿದ್ದೇನೆ.

ಆದರೆ ನಿಮ್ಮ ಮುಂದೆ ಒಂದು ವಿಷಯ ಒಪ್ಪಿಕೊಳ್ಳಬೇಕು. ಭಾನುವಾರದಿಂದ ನನ್ನ ನೆನಪಿನಲ್ಲಿ ಡಾಲ್ಫಿನ್ ಎರಡೇ ಆಗಿವೆ. ಅದೂ ಎಡಗಡೆಯಿಂದ, ಬೆನ್ನು ಹೊಳೆಯುವಷ್ಟು ಸ್ಪಷ್ಟವಾಗಿ ಜಿಗಿಯುತ್ತವೆ.