ಹೆಗ್ದಾಲರು ಗುಂಡು ಕೂರಿಸಿದ್ದು

"ಖಾಲಿ ಮಾಡಿ!" ಎಂದು ಕೂಗು ಬಿದ್ದಾಗ ಸಾಲಿನಲ್ಲಿದ್ದ ಹದಿನಾಲ್ಕು ಜನ ಕೋವಿ ಖಾಲಿ ಮಾಡಿದರು. ಹದಿನೈದನೆಯವರಾದ ಸೆಲ್ಮರ್ ಹೆಗ್ದಾಲರೂ ಬೋಲ್ಟ್ ಎಳೆದರು. ತೋಟಾ ಹೊರಗೆ ಬಂತು, ಆದರೆ ಅರ್ಧ ಮಾತ್ರ. ಹಿತ್ತಾಳೆಯ ಕೊಳವೆ ಕೈಗೆ ಬಂದರೆ, ಅದರ ಬಾಯಲ್ಲಿರಬೇಕಾದ ಗುಂಡು ನಳಿಗೆಯೊಳಗೇ ಕಚ್ಚಿಕೊಂಡು ಉಳಿಯಿತು. ಬಾಯಿ ಬಿಟ್ಟ ಕೊಳವೆಯಿಂದ ಮದ್ದು ಸಾಸಿವೆಯ ಹಾಗೆ ಜರ್ರನೆ ಸುರಿದು ಕೋವಿಯ ಕುದುರೆಯ ಸಂದುಗೊಂದುಗಳಿಗೆಲ್ಲ ಇಳಿಯಿತು.

"ಏನ್ ಮೇಷ್ಟ್ರೇ, ಆಗಸ್ಟ್‌ನಲ್ಲೇ ಬಿತ್ತನೆ ಶುರು ಮಾಡಿಬಿಟ್ರಾ?" ಎಂದ ಪಕ್ಕದಲ್ಲಿದ್ದ ಗೋಧಿ ಬೆಳೆಗಾರ.

"ಒಂದು ಮಳೆ ಬಿದ್ರೆ ಮೊಳಕೆ ಬರುತ್ತೆ ಬಿಡಿ," ಎಂದ ಅವನ ಪಕ್ಕದವನು.

ಹೆಗ್ದಾಲರು ಉದ್ದನೆಯ ಸರಳು ತೂರಿಸಿ, ತಟ್ಟಿ ತಟ್ಟಿ ಗುಂಡನ್ನು ಹೊರಗೆ ಹಾಕುವಷ್ಟರಲ್ಲಿ ಇಪ್ಪತ್ತು ನಿಮಿಷ ಹೋಯಿತು. ಅಷ್ಟೂ ಹೊತ್ತು ಡ್ರೈ ಫೋರ್ಕ್ ರೈಫಲ್ ಕ್ಲಬ್ಬಿನ ಪಂದ್ಯ ನಿಂತಿತ್ತು.

ಬೇರೆ ಯಾರಿಗಾದರೂ ಹೀಗಾಗಿದ್ದರೆ ನಕ್ಕು ಮರೆಯುತ್ತಿದ್ದರು. ಆದರೆ ಹೆಗ್ದಾಲರು ಒಂಬತ್ತು ಚಳಿಗಾಲ ಅದೇ ಕ್ಲಬ್ಬಿನಲ್ಲಿ, ಖಾಲಿ ಕೊಳವೆಗೆ ಮದ್ದು ಹಾಕಿ ಗುಂಡು ಕೂರಿಸಿ ಮನೆಯಲ್ಲೇ ತೋಟಾ ತುಂಬುವ ವಿದ್ಯೆ ಹೇಳಿಕೊಟ್ಟ ಗುರು. ಹಾಗೆಂದು ಗುಂಡು ಹಾಕುವ ಮನೆತನವಲ್ಲ ಅವರದು. ಲೂಥರನ್ ಚರ್ಚಿನ ನೀರು ಕಾಫಿ ಕುಡಿದು ಬೆಳೆದ ನಾರ್ವೆ ಮೂಲದ ಮೊಂಟಾನಾ ಜನ. ಗುಂಡು ಕೂರಿಸುವ ಚಟ ಮಾತ್ರ. ಮೂವತ್ನಾಲ್ಕು ವರ್ಷ ಜಿಲ್ಲೆಯ ಮಣ್ಣುರಸ್ತೆಗಳ ಮೇಲೆ ಗ್ರೇಡರ್ ಓಡಿಸಿ ಉಬ್ಬು ತಗ್ಗು ಸವರಿದವರು. ಅವರು ಸವರಿದ ರಸ್ತೆಯಲ್ಲಿ ಪಿಕಪ್ ಓಡಿಸಿದರೆ ಲೋಟದ ಕಾಫಿ ಅಲುಗುತ್ತಿರಲಿಲ್ಲವಂತೆ. ನಿವೃತ್ತಿಯಾದ ಮೇಲೆ ಸವರುವುದಕ್ಕೆ ರಸ್ತೆ ಇಲ್ಲ. ಮನೆಯ ನೆಲಮಾಳಿಗೆಯಲ್ಲಿ ಕೂತು, ಅಂಗುಲದ ಸಾವಿರದ ಒಂದು ಭಾಗವೂ ವ್ಯತ್ಯಾಸ ಬರದ ಹಾಗೆ ತೋಟಾಗಳನ್ನು ಸಮ ಮಾಡತೊಡಗಿದರು. ಅಂಗಡಿಯ ಡಬ್ಬಿ ತೋಟಾ ಹೊಡೆಯುವವರನ್ನು ಕಂಡರೆ, ಪೊಟ್ಟಣದ ಸಾರು ಕುಡಿಯುವವರನ್ನು ಕಂಡಂತೆ ಮುಖ ಮಾಡುತ್ತಿದ್ದರು.

ಕ್ಲಬ್ಬಿನಲ್ಲಿ ಒಂದು ಪದ್ಧತಿ. ನಳಿಗೆಯಲ್ಲಿ ಸಿಕ್ಕಿಕೊಂಡ ಗುಂಡನ್ನು ಕಾಫಿ ಹಂಡೆಯ ಮೇಲಿನ ಮೊಳೆಗೆ, ಒಡೆಯನ ಹೆಸರು ಬರೆದು ನೇತುಹಾಕುತ್ತಾರೆ. ಇನ್ನೂರು ಗಜದಿಂದ ಐದು ಏಟನ್ನು ಒಂದಂಗುಲದೊಳಗೆ ಹೊಡೆದರೆ ಮಾತ್ರ ಬಿಡುಗಡೆ. ಹೆಗ್ದಾಲರ ಹೆಸರಿನ ಚೀಟಿ ಕಟ್ಟಿದವನು ಕ್ಲಬ್ಬಿನ ಕಾರ್ಯದರ್ಶಿ, ಹಾರ್ಡ್‌ವೇರ್ ಅಂಗಡಿಯ ವೆಂಡೆಲ್ ಪ್ರಾಟ್.

"ಅಕ್ಟೋಬರ್ ಪಂದ್ಯದವರೆಗೂ ಟೈಮ್ ಇದೆ ಸೆಲ್ಮರ್," ಎಂದ. "ಅಷ್ಟರಲ್ಲಿ ಇದು ಮೊಳೆಯಿಂದ ಇಳೀಲಿಲ್ಲ ಅಂದ್ರೆ ಈ ಚಳಿಗಾಲ ಕ್ಲಾಸು ನಾನೇ ತಗೋತೀನಿ."

"ನೀನಾ? ನೀನೇನು ಕಲಿಸ್ತೀಯಾ, ಡಬ್ಬಿ ಮುಚ್ಚಳ ತೆಗೆಯೋದನ್ನಾ?"

"ಮುಚ್ಚಳ ತೆಗೆದ್ರೆ ಮದ್ದು ಚೆಲ್ಲಲ್ವಲ್ಲ!"

ಹೆಗ್ದಾಲರು ಮನೆಗೆ ಬಂದವರೇ ನೆಲಮಾಳಿಗೆ ಹೊಕ್ಕರು. ಹೊಸ ಕಂಪನಿಯ ಗುಂಡು ಕೊಂಡಿದ್ದರು, ನಿಜ. ಆದರೆ ತೋಟಾದ ಬುಡದಿಂದ ಗುಂಡಿನ ತುದಿಯವರೆಗೆ ಅಳೆದರೆ ಹಳೆಯದೂ ಹೊಸದೂ ಒಂದೇ ಉದ್ದ. ತೋಟಾ ತುಂಬುವ ಪ್ರೆಸ್ಸಿನ ನೆತ್ತಿಯಲ್ಲಿ ಕೂತು ಗುಂಡನ್ನು ಕೊಳವೆಯೊಳಗೆ ಒತ್ತುವ ಡೈ ಕೂಡ ಕದಲಿರಲಿಲ್ಲ. ಎಂಟು ವರ್ಷದ ಹಿಂದೆ ಅದನ್ನು ಸರಿಗೂಡಿಸಿ, ತಿರುಪು ಅಲ್ಲಾಡದಿರಲೆಂದು ಹೆಂಡತಿಯ ಕೆಂಪು ಉಗುರುಬಣ್ಣ ಬಳಿದು ಮುದ್ರೆ ಹಾಕಿದ್ದರು. ಮುದ್ರೆ ಹಾಗೇ ಇತ್ತು.

ಮೂರು ದಿನ ಅಳೆದದ್ದನ್ನೇ ಅಳೆದರು. ನಾಲ್ಕನೆಯ ದಿನ ಅವರ ಹೆಂಡತಿ ಆರ್ಲಿಸ್ ಫ್ರೀಜರಿನಿಂದ ಜಿಂಕೆಮಾಂಸ ತೆಗೆಯಲು ಇಳಿದು ಬಂದರು.

"ಎರಡೂ ಒಂದೇ ಉದ್ದ ಇದೆ ಆರ್ಲಿಸ್! ಹಳೇದು ಹೋಗುತ್ತೆ, ಹೊಸದು ಸಿಕ್ಕಿಹಾಕ್ಕೊಳ್ಳುತ್ತೆ. ಇದೆಂಥ ಮಾಟ?"

ಆರ್ಲಿಸ್ ಎರಡು ಗುಂಡುಗಳನ್ನೂ ಬೆಳಕಿಗೆ ಹಿಡಿದು ನೋಡಿದರು. "ನಿಮ್ಮಣ್ಣ ಓಲಾಫ್ ನಿನ್ನಷ್ಟೇ ಎತ್ತರ ಅಲ್ವಾ? ಅವನಿಗೆ ನಿನ್ನ ಕೋಟು ಹಾಕಿ ನೋಡು. ಹೆಗಲಲ್ಲೇ ಸಿಕ್ಕಿಹಾಕ್ಕೊಳ್ತಾನೆ."

ಹೆಗ್ದಾಲರು ಎರಡು ಗುಂಡುಗಳನ್ನೂ ಕಸಿದುಕೊಂಡು ಪಕ್ಕಪಕ್ಕ ಹಿಡಿದರು. ಹೊಸ ಗುಂಡಿನ ಹೆಗಲು ದಪ್ಪ. ತುದಿ ಸರಿಯಾದ ಜಾಗದಲ್ಲಿದ್ದರೂ ಹೆಗಲು ಹೋಗಿ ನಳಿಗೆಯೊಳಗಿನ ಸುರುಳಿ ಗೆರೆಗಳಿಗೆ ಕಚ್ಚಿಕೊಳ್ಳುತ್ತಿತ್ತು. ಗುಂಡು ಬದಲಾದರೆ ಡೈಯನ್ನೂ ಹೊಸದಾಗಿ ಹೊಂದಿಸಬೇಕೆಂಬುದು ಒಂಬತ್ತು ವರ್ಷವೂ ಅವರದೇ ಮೊದಲ ಪಾಠ. ಮುದ್ರೆ ಒಡೆಯುವುದಕ್ಕೆ ಮನಸ್ಸು ಬಂದಿರಲಿಲ್ಲ, ಅಷ್ಟೆ.

"ಇದನ್ನ ಯಾರಿಗೂ ಹೇಳ್ಬೇಡ."

"ಯಾವುದನ್ನ? ಓಲಾಫ್ ದಪ್ಪ ಅನ್ನೋದನ್ನಾ? ಊರಿಗೇ ಗೊತ್ತು."

ಉಗುರುಬಣ್ಣ ಕೆರೆದರು. ಬಿಗಿಯುಂಗುರ ಸಡಿಲಿಸಿದರು. ಡೈಯನ್ನು ಕೆಳಗೆ ತಾಗುವವರೆಗೆ ತಿರುಗಿಸಿ, ಒಂದು ಸುತ್ತು ಹಿಂದಕ್ಕೆ ತಂದು, ಅಲ್ಲಿಂದ ನಡುತಿರುಪನ್ನು ಕೂದಲೆಳೆಯಷ್ಟು, ಮತ್ತೆ ಕೂದಲೆಳೆಯಷ್ಟು ಇಳಿಸುತ್ತ ಹೋದರು. ಪ್ರತಿ ಗುಂಡನ್ನೂ ಅರ್ಧ ಒತ್ತಿ, ಅರ್ಧ ಸುತ್ತು ತಿರುಗಿಸಿ, ಪೂರ್ತಿ ಒತ್ತಿದರು. ಗುಂಡು ಕೂರಿಸುವುದೆಂದರೆ ಬೀಗರನ್ನು ಕೂರಿಸಿದ ಹಾಗೆ. ಚೂರು ಮೇಲಾದರೆ ಬಿಗುಮಾನ, ಚೂರು ಕೆಳಗಾದರೆ ಮುನಿಸು. ತುದಿಯನ್ನು ಬಿಟ್ಟು ಈಗ ಹೆಗಲಿನಿಂದಲೇ ಅಳತೆ. ಒಂದು ಆಳಕ್ಕೆ ಐದು ತೋಟಾ ಮಾಡುವುದು, ಮೈದಾನಕ್ಕೆ ಹೋಗಿ ಹೊಡೆಯುವುದು, ಎರಡಂಗುಲ ಚದುರಿದ್ದನ್ನು ನೋಡಿ ಬರುವುದು, ಮತ್ತೆ ಐದು. ಸೆಪ್ಟೆಂಬರ್ ಪೂರ್ತಿ ಹೀಗೇ ಹೋಯಿತು.

ಪಂದ್ಯದ ಹಿಂದಿನ ದಿನ, ಶುಕ್ರವಾರ ಮಧ್ಯಾಹ್ನ, ಡೈ ಕೊನೆಗೂ ಕೂತಿತು. ಐದು ಏಟೂ ಒಂದು ನಾಣ್ಯದಡಿ ಮುಚ್ಚಿಹೋಗುವಷ್ಟು ಹತ್ತಿರ. ಹಿಗ್ಗಿನಿಂದ ಮನೆಗೆ ಬಂದು ನಾಳೆಯ ತೋಟಾ ತುಂಬಲು ಕೂತು ಗುಂಡಿನ ಪೆಟ್ಟಿಗೆ ಅಲ್ಲಾಡಿಸಿದರು. ಒಳಗಿದ್ದದ್ದು ಎರಡೇ.

"ವೆಂಡೆಲ್ ಅಂಗಡೀಲಿ ಇರ್ಬಹುದು ನೋಡು," ಎಂದರು ಆರ್ಲಿಸ್.

"ಸತ್ತರೂ ಅಲ್ಲಿಗೆ ಹೋಗಲ್ಲ."

ಪಿಕಪ್ ಹತ್ತಿ ಹೋದವರು ಸಂಜೆ ಊಟದ ಹೊತ್ತಿಗೆ ಬಂದರು. ಎಲ್ಲಿಗೆ ಹೋಗಿದ್ದೆ ಎಂದು ಆರ್ಲಿಸ್ ಕೇಳಲಿಲ್ಲ. ಆ ರಾತ್ರಿ ಇವರು ನೆಲಮಾಳಿಗೆಗೂ ಇಳಿಯಲಿಲ್ಲ.

ಶನಿವಾರ ಗಾಳಿ ಇರಲಿಲ್ಲ, ಆ ಸೀಮೆಯಲ್ಲಿ ಅದೇ ಒಂದು ಪವಾಡ. ಹೆಗ್ದಾಲರು ಮಲಗಿ ಐದು ಏಟು ಹೊಡೆದು, ಯಾರ ಮುಖವನ್ನೂ ನೋಡದೆ ಎದ್ದರು. ವೆಂಡೆಲ್ ಗುರಿಹಲಗೆಯ ಕಾಗದ ಕಿತ್ತು ತಂದು ಅಳೆದ. ಇನ್ನೊಮ್ಮೆ ಅಳೆದ.

"ಮುಕ್ಕಾಲು ಅಂಗುಲ," ಎಂದ, ಹಲ್ಲು ಕೀಳಿಸಿಕೊಂಡವನ ಧ್ವನಿಯಲ್ಲಿ.

ಚಪ್ಪಾಳೆ ಬಿತ್ತು. ಮೊಳೆಯಿಂದ ಗುಂಡು ಇಳಿಯಿತು. ವೆಂಡೆಲ್ ತರಗತಿ ಕೋಣೆಯ ಬೀಗದಕೈಯನ್ನು ಅವರ ಅಂಗಿಯ ಜೇಬಿಗೆ ತಾನೇ ಹಾಕಿದ. ಹೆಗ್ದಾಲರು ಮೆಲ್ಲಗೆ ಪಿಕಪ್ಪಿನ ಕಡೆ ಜಾರುತ್ತಿದ್ದರು, ಜನ ಬಿಡಲಿಲ್ಲ. ಕೈಗೆ ಕಾಫಿ ಕೊಟ್ಟು, ತಟ್ಟೆಯಲ್ಲಿ ಸೇಬಿನ ಪೈ ಇಟ್ಟು ನಡುವೆ ಕೂರಿಸಿದರು. ಬಿತ್ತನೆಯ ಮಾತಾಡಿದ್ದ ಬೆಳೆಗಾರನೇ ಪುಸ್ತಕ ತೆರೆದು ಪೆನ್ಸಿಲ್ ನೆಕ್ಕಿದ.

"ಅಷ್ಟು ಸುಲಭವಾಗಿ ಬಿಡಲ್ಲ ಮೇಷ್ಟ್ರೇ. ಜನವರಿ ಕ್ಲಾಸಿನವರೆಗೂ ಕಾಯಕ್ಕಾಗಲ್ಲ, ಈಗ್ಲೇ ಹೇಳಿ. ಗುಂಡು ಎಷ್ಟು ಆಳಕ್ಕೆ ಕೂರಿಸಿದ್ರಿ?"

ಹದಿನಾಲ್ಕು ಜನ ಮುಂದಕ್ಕೆ ಬಾಗಿದರು. ವೆಂಡೆಲ್ಲನೂ ಬಾಗಿದ. ಹೆಗ್ದಾಲರು ಜೇಬು ಮುಟ್ಟಿ ನೋಡಿಕೊಂಡರು, ಕಾಫಿ ಗುಟುಕರಿಸಿದರು, ಪಂದ್ಯ ನೋಡಲು ಬಂದಿದ್ದ ಹೆಂಡತಿಯ ಕಡೆ ನೋಡಿದರು. ಆರ್ಲಿಸ್ ಪೈ ತಿನ್ನುವುದರಲ್ಲಿದ್ದರು.

"ಗೊತ್ತಿಲ್ಲಪ್ಪ," ಎಂದರು. "ಡಬ್ಬಿ ಮೇಲೆ ಬರೆದಿರಲಿಲ್ಲ."