ಚಿಕ್ಕಪ್ಪನ ತೊಡೆಯ ರಾಡು

ಎಲ್ಲರ ಮನೆಯಲ್ಲೂ ಮದುವೆಯ ಫೋಟೋ ಇರುತ್ತದೆ. ನಮ್ಮ ಚಿಕ್ಕಪ್ಪನ ಹತ್ತಿರ ಇದ್ದದ್ದು ಎಕ್ಸ್‌ರೇ. ಅದನ್ನು ಎರಡು ಗಾಜಿನ ನಡುವೆ ಕೂರಿಸಿ, ಸುತ್ತ ಮರದ ಪಟ್ಟಿ ಹೊಡೆದು, ತನ್ನ ಗಾಜಿನಂಗಡಿಯ ಬೀದಿ ಕಡೆಯ ಕಿಟಕಿಗೆ ಸೇರಿಸಿಬಿಟ್ಟಿದ್ದ. ಬೆಳಗಿನ ಬಿಸಿಲು ಬಿದ್ದರೆ ಎಲ್ಲವೂ ಸ್ಪಷ್ಟವಾಗಿ ಕಾಣುತ್ತಿತ್ತು: ಮುರಿದ ತೊಡೆಮೂಳೆ, ಅದರ ಒಳಗೆ ಉದ್ದಕ್ಕೂ ಇಳಿದ ಬೆಳ್ಳನೆಯ ರಾಡು, ಕೆಳಗೆ ಮೊಣಕಾಲನ್ನು ಬಿಗಿಯಾಗಿ ಹಿಡಿದ ನಾಲ್ಕು ಬೆರಳುಗಳ ಮೂಳೆ. ರಾಡು ಚಿಕ್ಕಪ್ಪನದು, ಬೆರಳು ಚಿಕ್ಕಮ್ಮನದು.

"ಬಿಸಿಲಿಗೆ ಹಾಳಾಗತ್ತೆ ಕಣ್ರೀ, ಒಂದು ಪರದೆ ಹಾಕಿ" ಎಂದು ಚಿಕ್ಕಮ್ಮ ಬದುಕಿದ್ದಷ್ಟು ಕಾಲ ಗೊಣಗಿದಳು. ಊರಿನವರ ಕಿಟಕಿಯೆಲ್ಲ ಸರಿಮಾಡಿದ ಮನುಷ್ಯ ಈ ಒಂದು ಕಿಟಕಿಗೆ ಪರದೆ ಹಾಕಲಿಲ್ಲ. ನಾಳೆ ಹಾಕಿದರಾಯಿತು ಅನ್ನುವುದೇ ಅವನ ಮಂತ್ರ.

ಅವನು ತೊಡೆ ಮುರಿದುಕೊಂಡಿದ್ದೂ ಗಾಜಿನ ದೆಸೆಯಿಂದಲೇ. ಆಗಿನ್ನೂ ಮದುವೆಯಾಗಿರಲಿಲ್ಲ. ಗಿರಾಕಿ ಹೆಂಗಸಾದರೆ ಅಳತೆಪಟ್ಟಿಯ ಕಡೆ ನೋಡಿಕೊಂಡೇ ವ್ಯಾಪಾರ ಮುಗಿಸುವಷ್ಟು ನಾಚಿಕೆ. ಶಾಲೆಯೊಂದರ ಕಿಟಕಿಗೆ ಗಾಜು ಕೂರಿಸುವಾಗ ಏಣಿ ಜಾರಿತು. ಬೇರೆ ಯಾರೇ ಆಗಿದ್ದರೂ ಗಾಜು ಬಿಟ್ಟು ಗೋಡೆ ಹಿಡಿಯುತ್ತಿದ್ದರು. ಇವನು ಗಾಜನ್ನು ಮಗುವಿನ ಹಾಗೆ ಎದೆಗವಚಿಕೊಂಡು ಕೆಳಗೆ ಬಂದ. ಗಾಜಿಗೆ ಒಂದು ಗೀರೂ ಬೀಳಲಿಲ್ಲ, ತೊಡೆ ಎರಡು ತುಂಡಾಯಿತು.

ಆ ಕಾಲದಲ್ಲಿ ತೊಡೆ ಮುರಿದವರ ಕಾಲಿಗೆ ಭಾರ ಕಟ್ಟಿ ತಿಂಗಳುಗಟ್ಟಲೆ ಮಲಗಿಸುತ್ತಿದ್ದರು. ಆಸ್ಪತ್ರೆಗೆ ಹೊಸದಾಗಿ ಬಂದಿದ್ದ ಡಾಕ್ಟರು ಅದೆಲ್ಲ ಬೇಡವೆಂದು ಅಜ್ಜಿಗೆ ಹೇಳಿದರು. "ಮೂಳೆಯ ಒಳಗೆ ಟೊಳ್ಳಿರುತ್ತಮ್ಮ. ಸೊಂಟದ ಹತ್ತಿರದಿಂದ ಸ್ಟೀಲಿನ ರಾಡು ಇಳಿಸಿದ್ರೆ ಎರಡು ತುಂಡೂ ನೆಟ್ಟಗೆ ಕೂಡ್ಕೊಳ್ಳತ್ತೆ. ಬೇಗ ಎದ್ದು ಓಡಾಡ್ತಾರೆ."

ಅಜ್ಜಿ ಹೌಹಾರಿದಳು. "ಅಯ್ಯೋ, ರಾಡು ತೂರಿಸೋಕೆ ನನ್ನ ಮಗ ಏನು ಕಿಟಕಿ ಪರದೆನಾ?"

ಡಾಕ್ಟರು ನಕ್ಕು, ರಾಡು ಹಾಕಿಯೇಬಿಟ್ಟರು. ಮಾರನೆಯ ದಿನ ಚಿಕ್ಕಪ್ಪನನ್ನು ಎಕ್ಸ್‌ರೇ ಕೋಣೆಗೆ ತಳ್ಳಿಕೊಂಡು ಹೋದರು. ಅಲ್ಲಿ ಚಿತ್ರ ತೆಗೆಯುವವಳು ಒಬ್ಬ ಯುವತಿ. "ಅಲುಗಾಡಬೇಡಿ, ಉಸಿರು ಹಿಡ್ಕೊಳ್ಳಿ" ಎಂದಳು. ಉಸಿರು ನಿಂತಿತು, ಕಾಲಿನ ನಡುಕ ನಿಲ್ಲಲಿಲ್ಲ. ನೋವಿಗೋ ನಾಚಿಕೆಗೋ ದೇವರೇ ಬಲ್ಲ. ಫಿಲ್ಮುಗಳು ಒಂದಾದ ಮೇಲೊಂದು ಮಸುಕಾಗಿ ಹಾಳಾದವು. ಅವಳಿಗೆ ರೇಗಿತು. ಬಟನ್ ಒತ್ತಲು ಆಯಾಗೆ ಹೇಳಿ, ಸೀಸದ ಏಪ್ರನ್ ಕಟ್ಟಿಕೊಂಡು ಬಂದು ಮೊಣಕಾಲನ್ನು ಗಟ್ಟಿಯಾಗಿ ಹಿಡಿದಳು. "ಈಗ ಹೇಗೆ ನಡುಗ್ತೀರೋ ನಾನೂ ನೋಡ್ತೀನಿ."

ಕೈಗೆ ಕಿರಣ ತಗಲುವುದರಿಂದ ಹಾಗೆ ಹಿಡಿಯುವುದು ದೊಡ್ಡ ತಪ್ಪು. "ಏನಮ್ಮಾ, ಈ ಪೇಷಂಟಿಗೆ ಮೊಣಕಾಲಲ್ಲೂ ಬೆರಳು ಬಂದಿದೆಯಲ್ಲಾ?" ಎಂದು ಶುರುಮಾಡಿದ ಡಾಕ್ಟರು ಅವಳಿಗೆ ಸರಿಯಾಗಿ ಮಂಗಳಾರತಿ ಮಾಡಿದರು. ಮತ್ತೆ ಬೇರೆ ಚಿತ್ರ ತೆಗೆಸಿ, ಇದನ್ನು ಬಿಸಾಡಲು ಹೇಳಿದರು. ಆಗ ಚಿಕ್ಕಪ್ಪ ತನ್ನ ಜನ್ಮದಲ್ಲಿ ಮೊದಲ ಸಲ ಪರಹೆಣ್ಣಿನ ಮುಖ ನೋಡಿ ಮಾತಾಡಿದ.

"ಅದನ್ನ ನಂಗೆ ಕೊಡ್ತೀರಾ?"

"ಕೆಟ್ಟುಹೋಗಿರೋ ಫಿಲ್ಮು ನಿಮಗ್ಯಾಕ್ರೀ?"

"ಚೆನ್ನಾಗಿದೆ" ಎಂದ ಚಿಕ್ಕಪ್ಪ.

ರಾಡು ಹಾಕಿದ ಕಾಲು ಬೇಗ ಕೂಡಿಕೊಂಡಿತು. ಅವನಿಗೆ ಅದೇ ತಲೆನೋವಾಯಿತು. ಇಲ್ಲದ ನೋವು ಹೇಳಿಕೊಂಡು ಮತ್ತೆ ಮತ್ತೆ ಎಕ್ಸ್‌ರೇಗೆ ಹೋಗತೊಡಗಿದ. ಕೊನೆಗೊಂದು ದಿನ ಅವಳೇ ಕೇಳಿದಳು: "ನಿಮ್ಮ ಮೂಳೆ ಕಲ್ಲಿನಂಗಿದೆ. ಬೇರೇನಾದ್ರೂ ಇದ್ರೆ ಬಾಯಿಬಿಟ್ಟು ಹೇಳಿ." ಹೇಗೋ ಹೇಳಿದ. ಹಾಗೆ ನನಗೆ ಚಿಕ್ಕಮ್ಮ ಸಿಕ್ಕಿದಳು. "ಇವರ ಮೂತಿಗಿಂತ ಮೊದಲು ಮೂಳೆ ನೋಡಿದೋಳು ನಾನು" ಎಂದು ಬಂದವರೆದುರು ಹೇಳಿ ನಗುತ್ತಿದ್ದಳು. ಮೂಳೆ ಕೂಡಿದ ಮೇಲೆ ರಾಡು ತೆಗೆಸಬೇಕೆಂದು ಡಾಕ್ಟರು ಹೇಳಿದ್ದರು. ನಾಳೆ ನಾಳೆ ಅನ್ನುತ್ತ ಇಬ್ಬರಿಗೂ ತಲೆ ನೆರೆಯಿತು.

ಚಿಕ್ಕಮ್ಮ ಹೋದ ವರ್ಷ ತೀರಿಕೊಂಡಳು. ಅದಾಗಿ ಸ್ವಲ್ಪ ದಿನಕ್ಕೆ ರಾಡಿನ ಮೇಲ್ತುದಿ ಸೊಂಟದ ಬಳಿ ಚುಚ್ಚಲು ಶುರುವಾಯಿತು. ಚಿಕ್ಕಪ್ಪ ಸ್ಟೂಲಿನ ಮೇಲೆ ಒಂದೇ ಪಕ್ಕಕ್ಕೆ ಕೂರುತ್ತಿದ್ದ. ಆಮೇಲೆ ಬಗ್ಗಿ ಗಾಜು ಕೊಯ್ಯಲೂ ಆಗದೆ ಅಂಗಡಿಯ ಬಾಗಿಲು ಹಾಕಿದ. ತೆಗೆಸೋಣ ಎಂದರೆ ಸುತರಾಂ ಒಪ್ಪಲಿಲ್ಲ. ನನಗೆ ಮೈಯೆಲ್ಲ ಉರಿಯಿತು.

"ಚಿಕ್ಕಮ್ಮ ಇದ್ದಿದ್ರೆ ನಿನ್ನ ಕಿವಿ ಹಿಡ್ಕೊಂಡು ಆಸ್ಪತ್ರೆಗೆ ಎಳ್ಕೊಂಡು ಹೋಗ್ತಿದ್ಲು!"

"ಅವಳಿದ್ದಿದ್ರೆ ನಾನೇ ಹೋಗ್ತಿದ್ದೆ ಕಣೇ" ಎಂದ. "ಅವಳು ಹೋದ್ಲು. ಅವಳನ್ನ ಕರ್ಕೊಂಡು ಬಂದಿದ್ದು ಈ ರಾಡು. ಇದನ್ನೂ ಕಳ್ಕೊಳ್ಳಲಾ?"

ಬರೀ ತೋರಿಸಿಕೊಂಡು ಬರೋಣವೆಂದು ಪುಸಲಾಯಿಸಿ ಕರೆದುಕೊಂಡು ಹೋದೆ. ಈಗಿನ ಡಾಕ್ಟರು ಚಿಕ್ಕ ವಯಸ್ಸಿನವರು. ಅವರು ಕಂಪ್ಯೂಟರಿನಲ್ಲಿ ಚಿತ್ರ ತೋರಿಸಿ ವಿವರಿಸುತ್ತಿದ್ದರು, ಚಿಕ್ಕಪ್ಪ ಗೋಡೆ ನೋಡುತ್ತಿದ್ದ. ಕೊನೆಗೆ ಒಂದೇ ಒಂದು ಪ್ರಶ್ನೆ ಕೇಳಿದ.

"ತೆಗೆದ್ಮೇಲೆ ಅದಿದ್ದ ಜಾಗ ಏನಾಗತ್ತೆ ಡಾಕ್ಟ್ರೇ?"

"ಮೂಳೆ ಒಳಗೆ ಅದರ ದಾರಿ ಹಾಗೇ ಇರುತ್ತೆ. ಈ ವಯಸ್ಸಲ್ಲಿ ಪೂರ್ತಿ ತುಂಬ್ಕೊಳ್ಳೋದಿಲ್ಲ. ಅದರಿಂದ ತೊಂದರೆ ಏನಿಲ್ಲ, ಸ್ವಲ್ಪ ದಿನ ಹುಷಾರಾಗಿ ನಡೆದ್ರೆ ಆಯ್ತು."

ಚಿಕ್ಕಪ್ಪ ಗೋಡೆಯಿಂದ ಕಣ್ಣು ತೆಗೆದು ಆ ಚಿತ್ರದ ಕಡೆ ನೋಡಿದ. "ಹಾಗಾದ್ರೆ ತೆಗೀರಿ" ಎಂದ.

ತೆಗೆದ ರಾಡನ್ನು ತೊಳೆದು ಕವರಿನಲ್ಲಿ ಹಾಕಿ ಕೊಟ್ಟರು. ಅದನ್ನು ದಿಂಬಿನ ಪಕ್ಕ ಇಟ್ಟುಕೊಂಡು ಅಳುತ್ತಾನೇನೋ ಎಂದು ನಾನು ಹೆದರಿದ್ದೆ. ಅವನು ಅಳತೆಪಟ್ಟಿ ಕೇಳಿದ. ಅಳೆದು, ತನ್ನಷ್ಟಕ್ಕೆ ತಲೆಯಾಡಿಸಿದ.

ಊರುಗೋಲು ಬಿಟ್ಟ ಮೇಲೆ ಅಂಗಡಿಯ ಬಾಗಿಲು ತೆಗೆದ. ನಾನು ಹೋಗಿ ನೋಡಿದರೆ ಎಕ್ಸ್‌ರೇ ಕಿಟಕಿಯ ಮೇಲ್ಗಡೆ ಎರಡು ಕೊಕ್ಕೆ, ಕೊಕ್ಕೆಗಳ ನಡುವೆ ಆ ರಾಡು, ರಾಡಿನಲ್ಲಿ ಚಿಕ್ಕಮ್ಮನ ಹಳೆಯ ಸೀರೆ ಕತ್ತರಿಸಿ ಹೊಲಿಸಿದ ಪರದೆ. ಅಜ್ಜಿಯ ಮಾತು ನೆನಪಾಗಿ ಜೋರಾಗಿ ನಕ್ಕೆ, ನಗುತ್ತಲೇ ಕಣ್ಣು ತುಂಬಿತು.

ಚಿಕ್ಕಪ್ಪ ನಗಲಿಲ್ಲ. ಪರದೆ ಸರಿಸಿ ಫಿಲ್ಮಿನ ಅಂಚು ತೋರಿಸಿದ. ಬಿಸಿಲಿಗೆ ಅದು ಕಂದು ಬಣ್ಣಕ್ಕೆ ತಿರುಗಿ, ಬೆರಳುಗಳು ಅರ್ಧ ಅಳಿಸಿಹೋಗಿದ್ದವು.

"ಅವಳು ಹೇಳಿದಾಗಲೇ ಹಾಕ್ಬೇಕಿತ್ತು" ಎಂದು ಪರದೆಯನ್ನು ಮೆಲ್ಲಗೆ ಎಳೆದ.